ಓದುಗರ ಪ್ರಶ್ನೆ, ಅಕ್ಕನ ಉತ್ತರ: ಎಲೀಯನಿಗೂ ಸಾಕಾಗಿತ್ತು

ಹೋದ ತಿಂಗಳು ಪ್ರವಾದಿ ಎಲೀಯನ ಬಗ್ಗೆ ಒಂದೇ ಒಂದು ಪುಟ ಬರೆದಿದ್ದೆ. ಅಷ್ಟಕ್ಕೆ ಇಷ್ಟು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ವಾಟ್ಸಾಪಿನಲ್ಲಿ ಬಂದದ್ದೇ ಜಾಸ್ತಿ. ಕೊಪ್ಪದ ಹಿರಿಯರೊಬ್ಬರು ಮಾತ್ರ ನಾಲ್ಕು ಪುಟ ಕೈಯಲ್ಲೇ ಬರೆದು ಅಂಚೆಗೆ ಹಾಕಿದ್ದಾರೆ, ಮಳೆಗೆ ಅರ್ಧ ಶಾಯಿ ಕಲಸಿಹೋಗಿದ್ದರೂ ಓದಿಕೊಂಡೆ. ಎಲ್ಲಕ್ಕೂ ಉತ್ತರಿಸಲು ಜಾಗ ಇಲ್ಲ. ಏಳು ಆರಿಸಿಕೊಂಡಿದ್ದೇನೆ.

ಕಥೆ ಮರೆತವರಿಗೆ ನಾಲ್ಕು ಮಾತು. ಕಾಲ ಸುಮಾರು 2,900 ವರ್ಷದ ಹಿಂದಿನದು. ಇಸ್ರಾಯೇಲಿನ ಉತ್ತರ ರಾಜ್ಯಕ್ಕೆ ಅಹಾಬ ಅರಸ. ಅವನ ಹೆಂಡತಿ ಈಜೆಬೆಲ್, ಸೀದೋನಿನ ರಾಜನ ಮಗಳು, ಬಾಳ ಅನ್ನುವ ದೇವರ ಪೂಜೆಯನ್ನು ತವರಿನಿಂದ ತಂದವಳು. ಗಿಲ್ಯಾದಿನ ಕಡೆಯ ಎಲೀಯ ಒಂದು ದಿನ ಅರಸನ ಎದುರು ನಿಂತು, ನಾನು ಹೇಳುವವರೆಗೆ ಮಳೆಯೂ ಇಲ್ಲ ಇಬ್ಬನಿಯೂ ಇಲ್ಲ ಅಂದುಬಿಟ್ಟ. ಆಮೇಲೆ ಕೆರೀತ್ ಹಳ್ಳದ ಹತ್ತಿರ ಅಡಗಿಕೊಂಡು ಕಾಗೆಗಳು ತಂದದ್ದನ್ನು ತಿಂದ, ಚಾರೆಪ್ತದ ವಿಧವೆಯ ಮನೆಯಲ್ಲಿ ಉಂಡ, ಕರ್ಮೆಲ್ ಬೆಟ್ಟದಲ್ಲಿ ಬಾಳನ ಪ್ರವಾದಿಗಳ ಎದುರು, ಯಾರ ದೇವರು ನಿಜ ಅಂತ ತೋರಿಸಲು ಪ್ರಾರ್ಥಿಸಿದಾಗ ಆಕಾಶದಿಂದ ಬೆಂಕಿ ಬಿತ್ತು, ಮರುದಿನವೇ ಜೀವ ಉಳಿಸಿಕೊಳ್ಳಲು ಓಡಿದ. ಬೈಬಲಿನ 1 ಅರಸುಗಳು ಪುಸ್ತಕದಲ್ಲಿ ಅಧ್ಯಾಯ 17ರಿಂದ 19, ಆಮೇಲೆ 21. ಒಂದು ಗಂಟೆಯಲ್ಲಿ ಓದಿ ಮುಗಿಸಬಹುದು. ಯಾಕೋಬ ತನ್ನ ಪತ್ರದಲ್ಲಿ ಹೇಳುವ ಹಾಗೆ ಆ ಬರ ಮೂರೂವರೆ ವರ್ಷ. ಆಗುಂಬೆ ಕಡೆಯವರಿಗೆ ಇದು ಊಹೆಗೂ ನಿಲುಕದ ಮಾತು, ನಾವು ಆಷಾಢದಲ್ಲಿ ಮಳೆ ಸ್ವಲ್ಪ ಬಿಡಲಿ ಅಂತ ಪ್ರಾರ್ಥಿಸುವವರು. ಆದರೂ 2023ರಲ್ಲಿ ಮುಂಗಾರು ಕೈಕೊಟ್ಟಾಗ ನಮ್ಮ ತೋಟದ ಬಾವಿಯ ತಳ ಕಂಡಿತ್ತು. ಅವತ್ತು ಈ ಅಧ್ಯಾಯಗಳನ್ನು ಓದಿದ ರುಚಿಯೇ ಬೇರೆ.

ಅಕ್ಕಾ, ಬೇಸಿಗೆಯಲ್ಲಿ ಯುವಜನರ ಕ್ಯಾಂಪಿಗೆ ಹೋಗಿದ್ದೆ. ಮೂರು ದಿನ ಹಾಡು, ಪ್ರಾರ್ಥನೆ, ಕಣ್ಣೀರು. ಇನ್ನು ಮೇಲೆ ದೇವರಿಗಾಗಿಯೇ ಬದುಕು ಅಂತ ತೀರ್ಮಾನ ಮಾಡಿ ಬಂದೆ. ಈಗ ಎರಡು ತಿಂಗಳಾಯಿತು. ಬೈಬಲ್ ತೆರೆದರೆ ಅಕ್ಷರ ಕಾಣಿಸುವುದಿಲ್ಲ. ಬೆಳಿಗ್ಗೆ ಏಳಲು ಮನಸ್ಸಿಲ್ಲ. ನಾನು ಇದ್ದೇನು ಪ್ರಯೋಜನ ಅಂತಲೂ ಅನ್ನಿಸುತ್ತದೆ. ಚರ್ಚಿನ ಸಭೆಯಲ್ಲಿ ಹೇಳಿಕೊಂಡರೆ ನಿನಗೆ ನಂಬಿಕೆ ಕಮ್ಮಿ ಅಂದರು. — ಯುವಕ, ಸಾಗರ

ತಮ್ಮಾ, ನಂಬಿಕೆ ಕಮ್ಮಿ ಅಂದವರು 18ನೇ ಅಧ್ಯಾಯಕ್ಕೇ ಪುಸ್ತಕ ಮುಚ್ಚಿದ್ದಾರೆ. ನೀನು 19 ಓದು.

ಮೊದಲು ಎಲೀಯನ ಆ ಒಂದು ದಿನವನ್ನು ಲೆಕ್ಕ ಹಾಕೋಣ. ಬೆಳಿಗ್ಗೆಯಿಂದ ಬೆಟ್ಟದ ಮೇಲೆ ನಿಂತಿದ್ದಾನೆ. ಎದುರಿಗೆ ಬಾಳನ 450 ಪ್ರವಾದಿಗಳು. ಸಂಜೆ ಹೊತ್ತಿಗೆ ಬಿದ್ದುಹೋದ ಬಲಿಪೀಠವನ್ನು ಕಲ್ಲು ಹೊತ್ತು ಕಟ್ಟಿದ, ಸುತ್ತ ಕಾಲುವೆ ತೋಡಿದ, ಹನ್ನೆರಡು ಕೊಡ ನೀರು ಹುಯ್ಯಿಸಿದ. ಬೆಂಕಿ ಬಿತ್ತು. ಅಷ್ಟಾದ ಮೇಲೆ ಅಹಾಬನಿಗೆ, ಹೋಗು ಊಟ ಮಾಡು ಅಂದ. ಅಹಾಬ ಉಂಡ. ಎಲೀಯ ಉಂಡ ಅಂತ ಎಲ್ಲೂ ಬರೆದಿಲ್ಲ, ಅವನು ಬೆಟ್ಟದ ತುದಿಗೆ ಹೋಗಿ ಮೊಣಕಾಲ ನಡುವೆ ಮುಖವಿಟ್ಟು ಮಳೆಗಾಗಿ ಪ್ರಾರ್ಥನೆ ಮಾಡುತ್ತ ಕೂತ. ಏಳು ಸಲ ಆಳನ್ನು ಸಮುದ್ರದ ಕಡೆ ನೋಡಲು ಕಳಿಸಿದ. ಏಳನೇ ಸಲಕ್ಕೆ ಅಂಗೈಯಷ್ಟು ಮೋಡ ಕಂಡಿತು. ಆಮೇಲೆ ಸುರಿಯುವ ಮಳೆಯಲ್ಲಿ ಅರಸನ ರಥದ ಮುಂದೆ ಇಜ್ರೇಲಿನವರೆಗೆ ಓಡಿದ. ಸುಮಾರು 25 ಕಿಲೋಮೀಟರ್, ಶಿವಮೊಗ್ಗದಿಂದ ಭದ್ರಾವತಿ ದಾಟಿ ಇನ್ನೂ ಮುಂದೆ ಅಂದುಕೋ. ಅಲ್ಲಿಗೆ ತಲುಪಿದರೆ ಈಜೆಬೆಲಳ ಸುದ್ದಿ: ನಾಳೆ ಈ ಹೊತ್ತಿಗೆ ನಿನ್ನನ್ನು ಮುಗಿಸುತ್ತೇನೆ. ಮತ್ತೆ ಓಟ. ಬೇರ್ಷೆಬಕ್ಕೆ 150 ಕಿಲೋಮೀಟರಿಗೂ ಜಾಸ್ತಿ. ಅಲ್ಲಿ ಆಳನ್ನೂ ಬಿಟ್ಟು ಒಬ್ಬನೇ ಒಂದು ದಿನದ ದಾರಿ ಅಡವಿಗೆ ನಡೆದು, ಒಂದು ಜಾಲಿಗಿಡದ ಕೆಳಗೆ ಕೂತು, ಸಾಕು ಸ್ವಾಮಿ, ನನ್ನ ಪ್ರಾಣ ತೆಗೆದುಕೋ ಅಂದ.

ಆಗ ದೇವರು ಏನು ಮಾಡಿದ ಅನ್ನುವುದನ್ನು ನಿಧಾನವಾಗಿ ಓದು. ಪ್ರಸಂಗ ಮಾಡಲಿಲ್ಲ. ನಿನ್ನೆ ತಾನೇ ಬೆಂಕಿ ಇಳಿಸಿಕೊಟ್ಟೆನಲ್ಲ, ಇವತ್ತು ಏನು ಗೋಳು ಅಂತ ಕೇಳಲೂ ಇಲ್ಲ. ಅವನನ್ನು ನಿದ್ದೆ ಮಾಡಲು ಬಿಟ್ಟ. ದೂತ ಬಂದು ಮೈ ಮುಟ್ಟಿ, ಏಳು, ತಿನ್ನು ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಅದಕ್ಕೂ ಬೈಗುಳ ಇಲ್ಲ! ಎರಡನೇ ಸಲ ಮುಟ್ಟಿ ಎಬ್ಬಿಸಿ ಹೇಳಿದ್ದು ಇಷ್ಟೇ, ದಾರಿ ದೂರ ಇದೆ, ನಿನ್ನ ಶಕ್ತಿಗೆ ಮೀರಿದ್ದು, ತಿನ್ನು.

ಕೆಂಡದ ಮೇಲಿನ ರೊಟ್ಟಿ ಅಂದರೆ ಮಲೆನಾಡಿನವರಿಗೆ ಹೇಳಿಕೊಡಬೇಕಾ? ನನ್ನ ಯಜಮಾನರು ತೀರಿಕೊಂಡ ವರ್ಷ ನಾನು ಹದಿನೈದು ದಿನ ಒಲೆ ಹಚ್ಚಿರಲಿಲ್ಲ. ಬಂದವರೆಲ್ಲ ವಚನ ಓದಿ ಹೋಗುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಓದಿದರು, ಇಲ್ಲ ಅನ್ನುವುದಿಲ್ಲ, ಆದರೆ ನನಗೆ ಒಂದು ಮಾತೂ ಕಿವಿಗೆ ಬೀಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಪಕ್ಕದ ಗೌಡ್ರ ಮನೆ ಅತ್ತಿಗೆ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದರು. ಮಾತಿಲ್ಲ ಕತೆಯಿಲ್ಲ. ನನ್ನದೇ ಡಬ್ಬಿಯಿಂದ ಅಕ್ಕಿಹಿಟ್ಟು ತೆಗೆದರು, ನೀರು ಕುದಿಸಿ ಉಪ್ಪು ಹಾಕಿ ಹಿಟ್ಟು ಬೇಯಿಸಿದರು, ತಟ್ಟಿ ಕಾವಲಿಗೆ ಹಾಕಿದರು. ಆಮೇಲೆ ಕೆಂಡ ಮುಂದಕ್ಕೆ ಎಳೆದು ರೊಟ್ಟಿಯನ್ನು ಅದರ ಮೇಲೆ ಇಟ್ಟರು. ರೊಟ್ಟಿ ಪುಸ್ಸನೆ ಉಬ್ಬಿತು. ಆ ಸಣ್ಣ ಸದ್ದಿಗೆ ನನಗೆ ಅಳು ಬಂತು, ಅಳುತ್ತಲೇ ಮೂರು ರೊಟ್ಟಿ ತಿಂದೆ, ತಿಂದು ಸಂಜೆಯವರೆಗೆ ನಿದ್ದೆ ಹೋದೆ. ಜಾಲಿಗಿಡದ ಕಥೆಯಲ್ಲಿ ರೊಟ್ಟಿ ಯಾಕೆ ಬರುತ್ತದೆ ಅಂತ ನನಗೆ ಗೊತ್ತಾಗಿದ್ದು ಅವತ್ತು.

ಆದ್ದರಿಂದ ತಮ್ಮಾ, ಸದ್ಯಕ್ಕೆ ದಿನಕ್ಕೆ ಐದು ಅಧ್ಯಾಯ ಓದುವ ಹಟ ಬಿಡು. ಹೊತ್ತಿಗೆ ಸರಿಯಾಗಿ ಉಣ್ಣು, ಮಲಗು, ಒಂದು ಕೀರ್ತನೆ ಓದು, ಸಾಕು. ಕ್ಯಾಂಪಿನ ಬಿಸಿ ಆರುವುದು ಸಹಜ. ಆದರೆ ಇದ್ದೇನು ಪ್ರಯೋಜನ ಅಂತ ಬರೆದಿದ್ದೀಯಲ್ಲ, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಎರಡು ತಿಂಗಳು ಬೆಳಿಗ್ಗೆ ಏಳಲು ಆಗದಿದ್ದರೆ ವೈದ್ಯರಿಗೆ ತೋರಿಸಬೇಕು, ಜ್ವರಕ್ಕೆ ಹೋಗುವುದಿಲ್ಲವಾ, ಹಾಗೆಯೇ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಸಿಗುತ್ತಾರೆ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇವತ್ತೇ ಮಾಡು. ಮನೆಯಲ್ಲೂ ಒಬ್ಬರಿಗೆ ಬಾಯಿಬಿಟ್ಟು ಹೇಳು. ಆಳನ್ನು ಬೇರ್ಷೆಬದಲ್ಲಿ ಬಿಟ್ಟು ಒಬ್ಬನೇ ಹೋದದ್ದು ಎಲೀಯ ಮಾಡಿದ ತಪ್ಪು ಅಂತಲೇ ನನಗೆ ಅನ್ನಿಸುವುದು.

ಒಂದೂವರೆ ಎಕರೆ ಅಡಿಕೆ ನಮ್ಮದು. ಎರಡು ವರ್ಷ ಕೊಳೆ ಬಂತು, ಈ ಸಲ ಎಲೆಚುಕ್ಕೆ ರೋಗ. ಪಟ್ಟಣದ ಕೆಲಸ ಬಿಟ್ಟು ದೇವರೇ ಇಲ್ಲಿಗೆ ಕರೆದಿದ್ದಾನೆ ಅಂತ ನಂಬಿ ಊರಿಗೆ ಬಂದವರು ನಾವು. ಯಜಮಾನರು ದಿನಾ ಪ್ರಾರ್ಥನೆ ಮಾಡುತ್ತಾರೆ. ದೇವರು ಕಳಿಸಿದ ಜಾಗದಲ್ಲೇ ಹೀಗಾದರೆ ನಾವು ಕೇಳಿಸಿಕೊಂಡದ್ದೇ ತಪ್ಪಾ? — ಗೃಹಿಣಿ, ತೀರ್ಥಹಳ್ಳಿ ತಾಲೂಕು

ಕೆರೀತ್ ಹಳ್ಳಕ್ಕೆ ಎಲೀಯ ತಾನಾಗಿ ಹೋಗಲಿಲ್ಲ, ದೇವರೇ ಹೆಸರು ಹೇಳಿ ಕಳಿಸಿದ. ಕೆಲವು ದಿನವಾದ ಮೇಲೆ ಆ ಹಳ್ಳ ಬತ್ತಿತು. ಯಾಕೆ? ಮಳೆ ಇರಲಿಲ್ಲವಲ್ಲ. ಅದೂ ಅವನೇ ಹೇಳಿದ ಬರ. ಊರಿಗೆಲ್ಲ ಒಂದು ಬಿಸಿಲು, ಪ್ರವಾದಿಯ ಹಳ್ಳಕ್ಕೆ ಬೇರೆ ನೆರಳು ಅಂತ ದೇವರು ಮಾಡಲಿಲ್ಲ. ಹಳ್ಳ ಬತ್ತಿದ್ದಕ್ಕೆ ಎಲೀಯ ಕೇಳಿಸಿಕೊಂಡದ್ದು ಸುಳ್ಳಾಗಲಿಲ್ಲ. ನಿಮ್ಮ ಪಕ್ಕದ ತೋಟಕ್ಕೂ ಎಲೆಚುಕ್ಕೆ ಬಂದಿದೆ ಅಲ್ವಾ? ಗಾಳಿಗೂ ಮಳೆಗೂ ಹರಡುವ ರೋಗ ಅದು, ಯಾರ ಮನೆಯಲ್ಲಿ ಎಷ್ಟು ಪ್ರಾರ್ಥನೆ ಅಂತ ನೋಡಿಕೊಂಡು ಬರುವುದಿಲ್ಲ.

ಹಳ್ಳ ದಿನದಿನಕ್ಕೆ ಸಣ್ಣದಾಗುವುದನ್ನು ಎಲೀಯ ನೋಡುತ್ತ ಕೂತಿರಬೇಕು. ಮೊದಲು ಹರಿವು ನಿಂತಿರುತ್ತದೆ, ಆಮೇಲೆ ಗುಂಡಿ ಗುಂಡಿಯಾಗಿ ನಿಂತ ನೀರು, ಆಮೇಲೆ ಬರೀ ಕೆಸರು. ಮಾರ್ಚ್ ತಿಂಗಳಲ್ಲಿ ನಮ್ಮ ಕಡೆಯ ಹಳ್ಳಗಳನ್ನು ಕಂಡವರಿಗೆ ಇದು ಗೊತ್ತು. ಪೂರ್ತಿ ಬತ್ತಿದ ಮೇಲೆಯೇ, ಎದ್ದು ಚಾರೆಪ್ತಕ್ಕೆ ಹೋಗು ಅನ್ನುವ ಮಾತು ಬಂದದ್ದು. ಅಲ್ಲಿಯಾದರೂ ತುಂಬಿದ ಕಣಜ ಇತ್ತಾ ಅಂದರೆ, ಇಲ್ಲ. ಒಬ್ಬ ವಿಧವೆ, ಕೈಯಲ್ಲಿ ಎರಡು ಕಟ್ಟಿಗೆ, ಮಡಕೆಯಲ್ಲಿ ಒಂದು ಹಿಡಿ ಹಿಟ್ಟು, ಮೊಗೆಯಲ್ಲಿ ಸ್ವಲ್ಪ ಎಣ್ಣೆ. ಮಗನಿಗೂ ನನಗೂ ಇದೇ ಕೊನೆಯ ಊಟ ಅಂದಳು. ಆ ಮಡಕೆ ಒಂದು ದಿನವೂ ತುಂಬಿ ಚೆಲ್ಲಲಿಲ್ಲ, ನೆನಪಿಡಿ. ತೀರಲಿಲ್ಲ, ಅಷ್ಟೇ. ಮಾರನೆಯ ದಿನದ ಹಿಟ್ಟು ಮಾರನೆಯ ದಿನವೇ ಕಾಣಿಸಿತು. ನಾವು ಬೇಡುವುದು ವರ್ಷದ ಲೆಕ್ಕದಲ್ಲಿ, ಮಂಡಿಯಲ್ಲಿ ರಾಶಿ ಅಡಿಕೆಗೆ ಒಳ್ಳೆ ಧಾರಣೆ ಸಿಕ್ಕಿ ಸಾಲ ಒಂದೇ ಸಲಕ್ಕೆ ತೀರಲಿ ಅಂತ. ನನಗೂ ಅದೇ ಆಸೆ, ಸುಳ್ಳು ಯಾಕೆ ಹೇಳಲಿ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಪ್ರಾರ್ಥನೆ ಇರಲಿ, ಔಷಧಿ ಹೊಡೆಯುವುದು ತಡವಾಗಬಾರದು. ಮುಂಗಾರಿಗೆ ಮುಂಚೆ ಒಂದು ಸಲ ಬೋರ್ಡೋ ದ್ರಾವಣ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ನಮ್ಮ ತೋಟಕ್ಕೆ ಬರುವ ಕೊನೆಗಾರ ಕಲಸಿದ ಮೇಲೆ ಬ್ಯಾರೆಲ್ಲಿಗೆ ಕತ್ತಿಯ ಅಲಗು ಅದ್ದಿ ನೋಡುತ್ತಾನೆ, ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ. ಎಲೆಚುಕ್ಕೆಗೆ ಬೇರೆ ಔಷಧಿಗಳಿವೆ, ತೋಟಗಾರಿಕೆ ಇಲಾಖೆಯವರನ್ನು ಕೇಳಿ. ರೋಗದ ಸೋಗೆಯನ್ನು ತೆಗೆದು ಸುಟ್ಟುಬಿಡಿ. ಚಾರೆಪ್ತದ ಹೆಂಗಸು ನಂಬಿದಳು ನಿಜ, ನಂಬಿ ಒಳಗೆ ಹೋಗಿ ಹಿಟ್ಟು ಕಲಸಿದಳು.

ನಮ್ಮ ಪ್ರಾರ್ಥನಾ ಕೂಟದ ನಾಯಕರು ಇದೇ ವಿಧವೆಯ ಕಥೆ ಹೇಳಿ, ಮೊದಲು ದೇವರ ಸೇವಕನಿಗೆ ಕೊಡಿ, ಆಮೇಲೆ ನಿಮ್ಮ ಮಡಕೆ ತುಂಬುತ್ತದೆ ಅನ್ನುತ್ತಾರೆ. ತಂದೆಯವರ ಗುತ್ತಿಗೆ ಕೆಲಸ ಹೋಗಿದೆ. ಆದರೂ ಅಮ್ಮ ಸಂಘದ ಸಾಲ ಎತ್ತಿ ಕೊಡಲು ಹೊರಟಿದ್ದಾರೆ. ಏನು ಮಾಡಲಿ? — ಭದ್ರಾವತಿ

ತಡೆಯಿರಿ. ಅಮ್ಮನ ಕೈ ಹಿಡಿದು ತಡೆಯಿರಿ.

ಎಲೀಯ ಮೊದಲು ನನಗೊಂದು ಸಣ್ಣ ರೊಟ್ಟಿ ಮಾಡಿಕೊಡು ಅಂದದ್ದು ನಿಜ. ಕೇಳಿದವನ ಹತ್ತಿರ ಏನಿತ್ತು ಅಂತಲೂ ನೋಡಬೇಕಲ್ಲ. ಮನೆ ಇಲ್ಲ, ದುಡ್ಡಿಲ್ಲ, ಹಳ್ಳ ಬತ್ತಿ ನಡೆದು ಬಂದ ಹಸಿದವನು. ಕೇಳಿದ್ದು ಒಂದು ರೊಟ್ಟಿ. ಅದೇ ಮನೆಯಲ್ಲಿ ಉಳಿದು, ಅದೇ ಮಡಕೆಯಿಂದ ಆ ತಾಯಿ ಮಗನ ಜೊತೆ ದಿನಾ ಉಂಡ. ಆ ಹುಡುಗ ಸತ್ತಾಗ ಮಾಳಿಗೆಗೆ ಎತ್ತಿಕೊಂಡು ಹೋಗಿ ಅವನ ಮೇಲೆ ಮೂರು ಸಲ ಬೋರಲು ಬಿದ್ದು ದೇವರ ಹತ್ತಿರ ಜಗಳವಾಡಿ ಬದುಕಿಸಿಕೊಟ್ಟ. ನಿಮ್ಮ ನಾಯಕರು ನಿಮ್ಮ ಮನೆಯ ಗಂಜಿಯನ್ನು ನಿಮ್ಮ ಜೊತೆ ಕೂತು ಉಣ್ಣಲಿ, ಮಗು ಮೆಗ್ಗಾನಿನಲ್ಲಿ ಮಲಗಿದಾಗ ರಾತ್ರಿ ಬೆಂಚಿನ ಮೇಲೆ ಕೂರಲಿ, ಆಮೇಲೆ ಈ ವಚನ ಹೇಳಲಿ. ಸಾಲ ತಂದು ಕಾಣಿಕೆ ಕೊಡಿ ಅಂತ ಆ ಕಥೆಯಲ್ಲಿ ಇಲ್ಲ. ಅವಳು ಕೊಟ್ಟದ್ದು ತನ್ನ ಮಡಕೆಯಲ್ಲಿ ಇದ್ದದ್ದನ್ನು. ವಾರದ ಕಂತು ಕಟ್ಟಲು ನಿಮ್ಮಮ್ಮ ಯಾರ ಬಾಗಿಲಿಗೆ ಹೋಗುತ್ತಾರೆ?

ಭಾನುವಾರದ ಶಾಲೆಯಲ್ಲಿ ನನ್ನ ಡೌಟು. ಕಾಗೆ ತಂದುಕೊಟ್ಟ ಮಾಂಸ ತಿಂದರೆ ಹೊಟ್ಟೆ ಕೆಡಲ್ವಾ? — ಐದನೇ ಕ್ಲಾಸು, ಶಿಕಾರಿಪುರ

ಪುಟ್ಟಾ, ಈ ತಿಂಗಳ ಒಳ್ಳೆಯ ಪ್ರಶ್ನೆ ನಿನ್ನದೇ. ಮೋಶೆಯ ನಿಯಮದಲ್ಲಿ ಕಾಗೆ ಅಶುದ್ಧ ಹಕ್ಕಿ, ಯಾಜಕಕಾಂಡ 11ರಲ್ಲಿ ಪಟ್ಟಿಯೇ ಇದೆ. ಎಲೀಯನಿಗೂ ಮೊದಲ ದಿನ ಅಯ್ಯೋ ಅನ್ನಿಸಿರಬಹುದು. ಆದರೆ ಬೆಳಿಗ್ಗೆ ರೊಟ್ಟಿ ಮಾಂಸ, ಸಂಜೆ ರೊಟ್ಟಿ ಮಾಂಸ, ತರುತ್ತಿದ್ದದ್ದು ಅದೊಂದೇ. ದೇವರು ಯಾರ ಕೈಯಲ್ಲಿ ಊಟ ಕಳಿಸುತ್ತಾನೆ ಅಂತ ನಾವು ಆರಿಸುವ ಹಾಗಿಲ್ಲ. ಹೊಟ್ಟೆ ಕೆಟ್ಟಿತು ಅಂತ ಬೈಬಲಿನಲ್ಲಿ ಬರೆದಿಲ್ಲ. ನೀನು ಮಾತ್ರ ಕಾಗೆ ಮುಟ್ಟಿದ್ದನ್ನು ತಿನ್ನಬೇಡ, ಅಮ್ಮ ಬೈತಾರೆ.

ಕಾಲೇಜಿನ ಹಾಸ್ಟೆಲಿನಲ್ಲಿ ನಾವು ನಾಲ್ಕು ಜನ ಕ್ರೈಸ್ತ ಹುಡುಗಿಯರು. ನಮ್ಮಲ್ಲಿ ಒಬ್ಬಳು, ನಾವೂ ಎಲೀಯನ ಹಾಗೆ ಧೈರ್ಯವಾಗಿ ಬೇರೆಯವರ ಪೂಜೆ ತಪ್ಪು ಅಂತ ಮುಖದ ಮೇಲೆ ಹೇಳಬೇಕು ಅನ್ನುತ್ತಾಳೆ. ನಾನು ಸುಮ್ನೆ ಇದ್ದರೆ ಹೇಡಿ ಅನ್ನುತ್ತಾಳೆ. — ವಿದ್ಯಾರ್ಥಿನಿ, ಶಿವಮೊಗ್ಗ

ಕರ್ಮೆಲಿನಲ್ಲಿ ಎಲೀಯ ನಿಂತು ಕೇಳಿದ್ದು ಯಾರನ್ನು? ಸೀದೋನಿಗೆ ಹೋಗಿ ಅಲ್ಲಿಯವರನ್ನು ಕೇಳಲಿಲ್ಲ. ತನ್ನದೇ ಜನರನ್ನು, ತನ್ನದೇ ಅರಸನನ್ನು ಕೇಳಿದ, ಎಷ್ಟು ದಿನ ಎರಡು ದೋಣಿಯ ಮೇಲೆ ಕಾಲಿಟ್ಟಿರುತ್ತೀರಿ ಅಂತ. ಸೀದೋನಿನ ಸೀಮೆಗೆ ಹೋದಾಗ, ಅಂದರೆ ಈಜೆಬೆಲಳ ತವರಿಗೆ ಹೋದಾಗ, ಅವನು ಮಾಡಿದ್ದು ಒಬ್ಬ ಬೇರೆ ಜನಾಂಗದ ಹೆಂಗಸಿನ ಮನೆಯಲ್ಲಿ ಕೂತು ಅವಳು ಸುಟ್ಟ ರೊಟ್ಟಿ ತಿಂದದ್ದು. ಯೇಸು ನಜರೇತಿನಲ್ಲಿ ಇದನ್ನೇ ಎತ್ತಿ ಹೇಳಿದಾಗ ಅವರ ಊರಿನವರಿಗೆ ಎಷ್ಟು ಸಿಟ್ಟು ಬಂತೆಂದರೆ, ಅವರನ್ನು ಗುಡ್ಡದಿಂದ ತಳ್ಳಲು ಹೊರಟರು. ಲೂಕ 4ರಲ್ಲಿದೆ, ಆ ಗೆಳತಿಗೂ ಓದಿ ಹೇಳು.

ಕೀಷೋನ್ ಹಳ್ಳದಲ್ಲಿ ಬಾಳನ ಪ್ರವಾದಿಗಳನ್ನು ಕೊಂದ ಭಾಗ ನನಗೆ ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ಪಾಲಿಷ್ ಮಾಡಿ ಮಕ್ಕಳಿಗೆ ಹೇಳಲು ನನಗೆ ಬರುವುದಿಲ್ಲ. ಆದರೆ ಅದೇ ಎಲೀಯ ಹೋರೇಬ್ ಬೆಟ್ಟಕ್ಕೆ ಹೋದಾಗ ಬಿರುಗಾಳಿ ಬಂತು, ನೆಲ ನಡುಗಿತು, ಬೆಂಕಿಯೂ ಬಂತು, ಆ ಯಾವುದರಲ್ಲೂ ದೇವರು ಇರಲಿಲ್ಲ. ಆಮೇಲೆ ಬಂದ ಮೆಲ್ಲನೆಯ ಸದ್ದಿಗೆ ಅವನು ಕಂಬಳಿಯಿಂದ ಮುಖ ಮುಚ್ಚಿಕೊಂಡ. ಯೇಸುವನ್ನು ಸಮಾರ್ಯದ ಒಂದು ಹಳ್ಳಿ ಸೇರಿಸಿಕೊಳ್ಳದಿದ್ದಾಗ ಯಾಕೋಬ ಯೋಹಾನರು ಆಕಾಶದಿಂದ ಬೆಂಕಿ ಬೀಳಿಸೋಣವಾ ಅಂತ ಕೇಳಿ ಬೈಸಿಕೊಂಡರು. ಲೂಕ 9. ಎಲೀಯನ ಹಾಗೆ ಆಗಬೇಕು ಅಂತ ಹೊರಟವರು ಹೆಚ್ಚಾಗಿ ಅವನ ಒಂದು ಸಂಜೆಯನ್ನು ಮಾತ್ರ ಹಿಡಿದುಕೊಳ್ಳುತ್ತಾರೆ.

ಕರ್ಮೆಲಿನಿಂದ ಕಲಿಯಲೇಬೇಕಾದದ್ದು ಬೇರೆ ಇದೆ. ಬೆಂಕಿಗೆ ಮೊದಲು ಅವನು ಬಿದ್ದುಹೋಗಿದ್ದ ಬಲಿಪೀಠವನ್ನು ಸರಿಮಾಡಿದ. ಹನ್ನೆರಡು ಕುಲಕ್ಕೆ ಹನ್ನೆರಡು ಕಲ್ಲು. ಆಗ ರಾಜ್ಯ ಒಡೆದು ಎರಡಾಗಿ ಹಲವು ವರ್ಷ ಆಗಿತ್ತು, ಉತ್ತರದ ಹತ್ತು ಕುಲಕ್ಕೆ ಹತ್ತೇ ಕಲ್ಲು ಇಟ್ಟಿದ್ದರೂ ಆ ಜನ ಯಾಕೆ ಅಂತ ಕೇಳುತ್ತಿರಲಿಲ್ಲ. ಅವನು ಹನ್ನೆರಡೇ ಇಟ್ಟ. ನಮ್ಮ ಊರಿನಲ್ಲಿ ಮೂರು ಸಭೆ ಇವೆ, ಒಂದರಿಂದಲೇ ಒಡೆದವು, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗುವುದಿಲ್ಲ. ನಿಮ್ಮ ಹಾಸ್ಟೆಲಿನ ನಾಲ್ಕು ಜನರಲ್ಲಿ ಮಾತು ಬಿಟ್ಟವರಿದ್ದರೆ ಅಲ್ಲಿಂದ ಶುರು ಮಾಡಿ. ನಂಬಿಕೆಯ ಬಗ್ಗೆ ಯಾರಾದರೂ ಕೇಳಿದರೆ ಹೇಳು, ಅಂಜಬೇಡ. ದೀಪಾವಳಿಗೆ ಪಕ್ಕದ ರೂಮಿನವಳು ಹೋಳಿಗೆ ಕೊಟ್ಟರೆ ಡಬ್ಬಿ ಖಾಲಿ ವಾಪಸ್ ಕೊಡಬೇಡ, ಕ್ರಿಸ್ಮಸ್‌ಗೆ ಕುಸ್ವಾರ್ ತಿಂಡಿ ಹಾಕಿ ಕೊಡು. ನನಗೆ ರೊಟ್ಟಿ ಸುಟ್ಟುಕೊಟ್ಟ ಅತ್ತಿಗೆಯ ಮನೆಯಲ್ಲಿ ತುಳಸಿಕಟ್ಟೆ ಇದೆ.

ನಾನೊಂದು ಕಚೇರಿಯಲ್ಲಿ ಗುಮಾಸ್ತ. ಒಬ್ಬ ಬಡ ರೈತರ ಜಾಗವನ್ನು ಬೇರೆಯವರಿಗೆ ಅನುಕೂಲವಾಗುವ ಹಾಗೆ ತೋರಿಸುವ ಒಂದು ವರದಿಗೆ ಸಹಿ ಹಾಕು ಅಂತ ಮೇಲಿನವರ ಒತ್ತಡ. ಹಾಕದಿದ್ದರೆ ದೂರದ ಊರಿಗೆ ವರ್ಗ. ಮನೆಯಲ್ಲಿ ವಯಸ್ಸಾದ ತಾಯಿ. ರಾಜೀನಾಮೆ ಕೊಡುವುದೇ ಸರಿಯಾ? — ಹೆಸರು, ಊರು ಬೇಡ

ನಾಬೋತನ ಕಥೆಯಲ್ಲಿ ಎಲ್ಲರೂ ಅಹಾಬನನ್ನೂ ಈಜೆಬೆಲಳನ್ನೂ ಬೈಯುತ್ತಾರೆ. ಅರಸನಿಗೆ ಅರಮನೆಯ ಪಕ್ಕದ ದ್ರಾಕ್ಷಿತೋಟ ಬೇಕಿತ್ತು, ಕಾಯಿಪಲ್ಲೆ ಬೆಳೆಯಲು. ನಾಬೋತ, ಇದು ಹಿರಿಯರಿಂದ ಬಂದ ಜಮೀನು, ಕೊಡುವುದಿಲ್ಲ ಅಂದ. ಅರಸ ಊಟ ಬಿಟ್ಟು ಮುಖ ತಿರುಗಿಸಿ ಮಲಗಿದ, ಚಿಕ್ಕ ಹುಡುಗರ ಹಾಗೆ. ಹೆಂಡತಿ ಅವನ ಮುದ್ರೆ ಒತ್ತಿ ಪತ್ರ ಬರೆದಳು. ನನ್ನ ಕಣ್ಣು ಯಾವಾಗಲೂ ನಿಲ್ಲುವುದು ಆ ಪತ್ರ ತಲುಪಿದ ಕಡೆ. ಊರಿನ ಹಿರಿಯರು ಓದಿದರು, ಪತ್ರದಲ್ಲಿ ಹೇಳಿದ ಹಾಗೇ ಮಾಡಿದರು. ಸುಳ್ಳು ಸಾಕ್ಷಿಗೆ ಇಬ್ಬರನ್ನು ಕೂರಿಸಿದರು, ನಾಬೋತನನ್ನು ಊರ ಹೊರಗೆ ಕಲ್ಲೆಸೆದು ಕೊಂದರು, ಕೆಲಸ ಆಯಿತು ಅಂತ ವರದಿ ಕಳಿಸಿದರು. ಒಬ್ಬನೂ, ತಡೆಯಿರಿ ಸ್ವಾಮಿ, ಇದು ಸರಿಯಲ್ಲ ಅನ್ನಲಿಲ್ಲ. ಅವರಿಗೂ ವಯಸ್ಸಾದ ತಾಯಂದಿರು ಇದ್ದಿರಬಹುದು. ಸಹಿ ಹಾಕಬೇಡಿ, ನನ್ನ ಉತ್ತರ ಇಷ್ಟು ನೇರ.

ಆದರೆ ರಾಜೀನಾಮೆಯ ಮಾತು ಬೇರೆ. ಅದೇ ಅಹಾಬನ ಅರಮನೆಯಲ್ಲಿ ಓಬದ್ಯ ಅಂತ ಒಬ್ಬನಿದ್ದ, ಅರಮನೆಯ ಮೇಲ್ವಿಚಾರಕ. ಈಜೆಬೆಲ್ ಪ್ರವಾದಿಗಳನ್ನು ಕೊಲ್ಲಿಸುತ್ತಿದ್ದಾಗ ಅವನು ನೂರು ಜನರನ್ನು, ಐವತ್ತು ಐವತ್ತರಂತೆ ಗವಿಗಳಲ್ಲಿ ಬಚ್ಚಿಟ್ಟು ರೊಟ್ಟಿ ನೀರು ಕೊಟ್ಟು ಸಾಕಿದ. ಬರಗಾಲದಲ್ಲಿ ನೂರು ಜನರ ಊಟ! ಆ ರೊಟ್ಟಿ ಯಾರ ಅಡುಗೆಮನೆಯಿಂದ ಹೋಗಿರಬಹುದು ಅಂತ ಯೋಚಿಸಿದರೆ ನನಗೆ ನಗು ಬರುತ್ತದೆ. ಎಲೀಯ ಎದುರು ಸಿಕ್ಕಾಗ ಓಬದ್ಯನಿಗೆ ಕೈಕಾಲು ನಡುಕ, ಅರಸ ನನ್ನನ್ನು ಕೊಂದುಬಿಡುತ್ತಾನೆ ಅಂತ ಮೂರು ಸಲ ಹೇಳುತ್ತಾನೆ. ಹೆದರುತ್ತಲೇ ಹೋಗಿ ಹೇಳಬೇಕಾದದ್ದನ್ನು ಹೇಳಿದ. ನೀವು ಕುರ್ಚಿ ಬಿಟ್ಟು ಹೋದರೆ ಅಲ್ಲಿಗೆ ಸಹಿ ಹಾಕುವವನೇ ಬಂದು ಕೂರುತ್ತಾನೆ. ಇರಿ. ಸಾರ್, ಲಿಖಿತವಾಗಿ ಆದೇಶ ಕೊಡಿ ಅಂತ ಮೆಲ್ಲಗೆ ಕೇಳಿ, ಬಾಯಿಮಾತಿನ ಒತ್ತಡ ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ಕಡತದಲ್ಲಿ ನಿಮ್ಮ ಅಭಿಪ್ರಾಯವನ್ನು ದಿನಾಂಕ ಹಾಕಿ ಬರೆಯಿರಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ನಂಬುವ ಸಹೋದ್ಯೋಗಿ ಒಬ್ಬರಿಗೂ ಒಬ್ಬ ವಕೀಲರಿಗೂ ತಿಳಿಸಿಡಿ. ವರ್ಗ ಆಗಲೂಬಹುದು, ಆಗುವುದಿಲ್ಲ ಅಂತ ನಾನು ಭರವಸೆ ಕೊಡಲಾರೆ. ಆದರೆ ಅಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಬಹುದು.

ಈ ಸಣ್ಣ ಸಭೆಯನ್ನು 31 ವರ್ಷದಿಂದ ನೋಡಿಕೊಂಡು ಬಂದೆ. ಯುವಕರೆಲ್ಲ ಬೆಂಗಳೂರಿಗೆ ಹೋದರು. ಗಂಟೆ ಹೊಡೆಯುವವನೂ ನಾನೇ, ಗುಡಿಸುವವನೂ ನಾನೇ. ಉಳಿದಿರುವುದು ನಾನೊಬ್ಬನೇ ಅಂತ ಎಲೀಯನ ಹಾಗೆ ನನಗೂ ಅನ್ನಿಸುತ್ತಿದೆ, ತಂಗಿ. — ಸಭೆಯ ಹಿರಿಯರು, ಕೊಪ್ಪ

ಅಣ್ಣಾ, ನಿಮ್ಮ ನಾಲ್ಕು ಪುಟವನ್ನೂ ಎರಡು ಸಲ ಓದಿದೆ. ನೀವೇ ಎಲೀಯನ ಮಾತು ತೆಗೆದಿದ್ದೀರಿ, ಹಾಗಾಗಿ ಸಲುಗೆಯಿಂದ ಒಂದು ವಿಷಯ ನೆನಪಿಸುತ್ತೇನೆ. ಹೋರೇಬಿನಲ್ಲಿ ಅವನು ನಾನೊಬ್ಬನೇ ಉಳಿದಿದ್ದೇನೆ ಅಂತ ಎರಡು ಸಲ ಹೇಳಿದ, ಒಂದಕ್ಷರ ಬದಲಿಸದೆ, ಬಾಯಿಪಾಠ ಮಾಡಿದವನ ಹಾಗೆ. ಆದರೆ ಓಬದ್ಯ ನೂರು ಜನರ ವಿಷಯ ಅವನಿಗೆ ಆಗಲೇ ಹೇಳಿದ್ದ! ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಇಳಿದಿರಲಿಲ್ಲ. ದಣಿದವನಿಗೆ ಲೆಕ್ಕ ತಪ್ಪುತ್ತದೆ. ದೇವರು ವಾದ ಮಾಡಲಿಲ್ಲ. ಕೆಲಸ ಕೊಟ್ಟು ವಾಪಸ್ ಕಳಿಸಿದ, ಹಜಾಯೇಲನನ್ನು ಅರಾಮಿಗೆ ಅರಸನಾಗಿ ಅಭಿಷೇಕಿಸು, ಯೇಹುವನ್ನು ಇಸ್ರಾಯೇಲಿಗೆ ಅರಸನಾಗಿ ಅಭಿಷೇಕಿಸು, ನಿನ್ನ ಜಾಗಕ್ಕೆ ಎಲೀಷನನ್ನು ಮಾಡು ಅಂತ. ಆಮೇಲೆ ಹೋಗುವವನ ಬೆನ್ನಿಗೆ ಹೇಳಿದ ಹಾಗೆ, ಬಾಳನಿಗೆ ಮೊಣಕಾಲೂರದ ಏಳು ಸಾವಿರ ಜನ ನನಗಿದ್ದಾರೆ ಅಂದ.

ಆ ಮೂರು ಕೆಲಸದಲ್ಲಿ ಎಲೀಯ ತನ್ನ ಕೈಯಾರೆ ಮಾಡಿದ್ದು ಒಂದೇ. ಉಳಿದೆರಡು ಎಲೀಷನ ಕಾಲದಲ್ಲಿ ನಡೆದವು, ಯೇಹುವಿನ ತಲೆಗೆ ಎಣ್ಣೆ ಹುಯ್ದದ್ದಂತೂ ಎಲೀಷ ಕಳಿಸಿದ ಒಬ್ಬ ಹುಡುಗ. ಅಂದರೆ ಅವನ ಪಟ್ಟಿ ಅವನ ಜೀವಮಾನದಲ್ಲಿ ಮುಗಿಯಲಿಲ್ಲ. ನಿಮಗೂ ಮುಗಿಯಲಿಕ್ಕಿಲ್ಲ.

ಎಲೀಷ ಸಿಕ್ಕಿದ್ದು ಗುಡಿಯಲ್ಲಲ್ಲ, ಹೊಲದಲ್ಲಿ. ಹನ್ನೆರಡು ಜೋಡಿ ಎತ್ತು ಉಳುತ್ತಿದ್ದವು, ಹನ್ನೆರಡನೆಯದನ್ನು ಅವನು ಹೊಡೆಯುತ್ತಿದ್ದ. ಎಲೀಯ ಹಾದುಹೋಗುತ್ತ ಕಂಬಳಿ ಅವನ ಮೇಲೆ ಹಾಕಿದ, ಅಷ್ಟೇ. ಅವನು ತನ್ನ ಜೋಡಿ ಎತ್ತನ್ನು ಕೊಯ್ದು, ನೊಗದ ಮರವನ್ನೇ ಉರಿ ಮಾಡಿ ಬೇಯಿಸಿ, ಊರಿನವರಿಗೆಲ್ಲ ಊಟ ಹಾಕಿ ಹೊರಟುಬಂದ. ನಿಮ್ಮ ಪತ್ರದ ಮೂರನೇ ಪುಟದಲ್ಲಿ, ಶಾಯಿ ಕಲಸಿದ ಜಾಗದಲ್ಲಿ, ಟೊಮೆಟೊ ಗಾಡಿ ಓಡಿಸುವ ಒಬ್ಬ ಹುಡುಗ ಭಾನುವಾರ ತಡವಾಗಿ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ, ಪ್ರಾರ್ಥನೆ ಮುಗಿದ ಮೇಲೆ ಕುರ್ಚಿ ಜೋಡಿಸಿ ಹೋಗುತ್ತಾನೆ ಅಂತ ಬರೆದಿದ್ದೀರಿ. ಸರಿಯಾಗಿ ಹಾಡಲು ಬರುವುದಿಲ್ಲ ಅಂತ ದೂರೂ ಹೇಳಿದ್ದೀರಿ. ಎಷ್ಟೋ ವರ್ಷದ ಮೇಲೆ ಅರಸರು ಇಲ್ಲಿ ಪ್ರವಾದಿ ಯಾರಿದ್ದಾರೆ ಅಂತ ಕೇಳಿದಾಗ ಎಲೀಷನನ್ನು ಪರಿಚಯಿಸಿದ್ದು ಹೇಗೆ ಗೊತ್ತಾ ಅಣ್ಣಾ? ಎಲೀಯನ ಕೈಗೆ ನೀರು ಹುಯ್ಯುತ್ತಿದ್ದವನು ಅಂತ. ಮುಂದಿನ ಭಾನುವಾರ ಬಾಗಿಲಿನ ಚಾವಿ ಆ ಹುಡುಗನ ಕೈಗೆ ಕೊಡಿ. ಗಂಟೆ ಹತ್ತು ನಿಮಿಷ ತಡವಾಗಿ ಹೊಡೆಯಲಿ ಬಿಡಿ.